ಗರಸು ದಾರಿಯಲ್ಲಿ ಸೈಕಲ್: ಶಿರವಾಳದಿಂದ ದ್ರಾಕ್ಷಿಯ ಸೀಮೆಗೆ



ಮನೆಯಲ್ಲಿ ಹಳೆಯ ಅಟ್ಲಾಸ್ ಅಥವಾ ಹೀರೋ ಸೈಕಲ್ ಇದ್ದವರು ಅದರ ಟಾಯರಿನ ಮಗ್ಗುಲನ್ನು ಒಮ್ಮೆ ಒರೆಸಿ ನೋಡಿ. ಧೂಳಿನ ಕೆಳಗೆ 28 ಇಂಟು 1½ ಎಂಬ ಅಳತೆ ಅಚ್ಚಾಗಿರುತ್ತದೆ. ಒಂದೂವರೆ ಇಂಚು ಅಂದರೆ ಹೆಚ್ಚು ಕಡಿಮೆ 40 ಮಿಲಿಮೀಟರ್ ಅಗಲ. ಇವತ್ತು ಯುರೋಪು, ಅಮೆರಿಕಗಳ ಕಂಪನಿಗಳು ‘ಗ್ರಾವೆಲ್ ಬೈಕ್’ ಎಂಬ ಹೆಸರಿನಲ್ಲಿ ಮಾರುವ, ಲಕ್ಷಗಟ್ಟಲೆ ಬೆಲೆಯ ಸೈಕಲ್ಲಿನ ಟಾಯರೂ 35ರಿಂದ 50 ಮಿಲಿಮೀಟರ್ ಅಗಲದ್ದೇ. ಹಗುರವಾದ ಚೌಕಟ್ಟು, ಹತ್ತಾರು ಗೇರು, ಡಿಸ್ಕ್ ಬ್ರೇಕು, ಕೆಳಕ್ಕೆ ಬಾಗಿದ ಹ್ಯಾಂಡಲ್, ಇವೆಲ್ಲ ಅದರಲ್ಲಿ ಹೆಚ್ಚಿನವು. ಆದರೆ ನೆಲಕ್ಕೆ ತಾಗುವ ರಬ್ಬರಿನ ಮಟ್ಟಿಗೆ ನಮ್ಮ ಹಳ್ಳಿಯ ಸೈಕಲ್ಲು ಮೊದಲಿನಿಂದಲೂ ಗರಸು ದಾರಿಗೆ ತಯಾರಾಗಿಯೇ ಇತ್ತು.

ಅಗಲ ಟಾಯರಿನ ಕೆಲಸ ಸರಳ. ಗಾಳಿ ಗಟ್ಟಿಯಾಗಿ ತುಂಬಿದ ಸಣಕಲು ಟಾಯರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಕುಕ್ಕುತ್ತದೆ. ಎತ್ತಿದ ಪ್ರತಿ ಸಲವೂ ಮುಂದೆ ಹೋಗಬೇಕಾದ ಬಲ ಮೇಲಕ್ಕೆ ಹೋಗಿ ಹಾಳಾಗುತ್ತದೆ. ಅಗಲ ಟಾಯರಿಗೆ ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ರಬ್ಬರೇ ಕಲ್ಲಿನ ಮೇಲೆ ತಗ್ಗಿ, ಅದನ್ನು ನುಂಗಿಕೊಂಡು ಮುಂದೆ ಉರುಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಚೂರು ಒಳಗೆ ಹೋಗುವಷ್ಟು ಗಾಳಿ ಇದ್ದರೆ ಸಾಕು. ಟಾರು ರಸ್ತೆಯಲ್ಲಿ ಅಭ್ಯಾಸವಾದವರು ಮೊದಲು ಇದನ್ನು ನಂಬುವುದಿಲ್ಲ. ಕಾಲುವೆ ದಂಡೆಯ ಮೇಲೆ ಒಂದು ಮೈಲು ಹೋದ ಮೇಲೆ ಬೆನ್ನೇ ಒಪ್ಪಿಕೊಳ್ಳುತ್ತದೆ.

ಗರಸು ದಾರಿಯ ಸವಾರಿ ಒಂದು ಪಂದ್ಯವಾಗಿ ಬೆಳೆದ ಕಥೆ ಹಳೆಯದಲ್ಲ. 2006ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಪಟ್ಟಣದಿಂದ ಒಂದಷ್ಟು ಸವಾರರು ಚಕಮಕಿ ಕಲ್ಲಿನ ಗುಡ್ಡಗಳ ನಡುವೆ 200 ಮೈಲು, ಅಂದರೆ ಸುಮಾರು 320 ಕಿಲೋಮೀಟರ್, ಕಚ್ಚಾ ರಸ್ತೆಯಲ್ಲೇ ಓಡಿಸಿದರು. ಈಗ ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. 2022ರಲ್ಲಿ ಇಟಲಿಯ ವೆನೆಟೊ ಸೀಮೆಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕಾನ್ಸಾಸಿನ ಆ ಓಟ ಹುಟ್ಟಿದ ಹೊತ್ತಿಗೇ, 2006–07ರ ಶಾಲಾ ವರ್ಷದಲ್ಲಿ, ನಮ್ಮ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರು ಮಾಡಿತು. ಹೈಸ್ಕೂಲಿಲ್ಲದ ಹಳ್ಳಿಯಿಂದ ಹೈಸ್ಕೂಲಿರುವ ಹಳ್ಳಿಗೆ, ಹೊಲದ ದಾರಿ ಹಿಡಿದು, ಪಾಟೀಚೀಲ ಕ್ಯಾರಿಯರಿಗೆ ಕಟ್ಟಿ, ಹಿಂದೆ ಒಬ್ಬ ಗೆಳತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದ ಹೆಣ್ಣುಮಕ್ಕಳನ್ನು ಯಾದಗಿರಿ ಜಿಲ್ಲೆಯ ಎಲ್ಲ ಕಡೆ ನೋಡಿದ್ದೇವೆ. ಗರಸು ದಾರಿಯ ಸವಾರರು ಯಾರು ಎಂದು ನನ್ನನ್ನು ಕೇಳಿದರೆ ಮೊದಲು ಈ ಮಕ್ಕಳ ಹೆಸರನ್ನೇ ಹೇಳುತ್ತೇನೆ. ಅವರಿಗೆ ಅದು ಕ್ರೀಡೆಯಾಗಿರಲಿಲ್ಲ, ಎಸ್ಸೆಸ್ಸೆಲ್ಸಿ ಮುಟ್ಟುವ ದಾರಿಯಾಗಿತ್ತು.

ಈ ಮಾತನ್ನೆಲ್ಲ ನಾನು ಇದೇ ಜಿಲ್ಲೆಯ ಶಹಾಪುರ ತಾಲೂಕಿನ ಶಿರವಾಳವನ್ನು ನಡುವೆ ಇಟ್ಟುಕೊಂಡು ಆಡುತ್ತಿದ್ದೇನೆ. ಶಿರವಾಳದ ಹೆಸರು ಕೇಳಿದವರು ಅಲ್ಲಿನ ಗುಡಿಗಳ ಹೆಸರಿನಿಂದಲೇ ಕೇಳಿರುತ್ತಾರೆ. ರಾಷ್ಟ್ರಕೂಟರ ಕಾಲದ ವಾಸ್ತುವಿನ ಬಗ್ಗೆ ಬರೆಯುವವರು ಪಟ್ಟದಕಲ್ಲು, ಐಹೊಳೆ, ಕುಕನೂರು, ರೋಣಗಳ ಜೊತೆ ಶಿರವಾಳವನ್ನೂ ಸೇರಿಸುತ್ತಾರೆ. ಆದರೆ ಪಟ್ಟದಕಲ್ಲಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ, ಶಿರವಾಳಕ್ಕೆ ಬರುವವರು ಬೆರಳೆಣಿಕೆಯಷ್ಟು. ಎಣಿಸಿ ಮುಗಿಯದಷ್ಟು ಗುಡಿ, ಅಷ್ಟೇ ಬಾವಿ ಇದ್ದವು ಎಂಬುದು ಊರ ಹಿರಿಯರ ಮಾತು. ಈಗ ಉಳಿದವು ಊರೊಳಗೆ, ಹೊಲದ ಬದುವಿನಲ್ಲಿ ಅಲ್ಲಲ್ಲಿ ನಿಂತಿವೆ. ಇವನ್ನು ಕಾರಿನಲ್ಲಿ ಬಂದು ನೋಡಲಾಗುವುದಿಲ್ಲ. ಓಣಿ ಇಕ್ಕಟ್ಟು, ಹೊಲದ ದಾರಿ ಕಾರಿಗೆ ಒಗ್ಗುವುದಿಲ್ಲ. ಕಾಲ್ನಡಿಗೆಯಲ್ಲಿ ಬಂದರೆ ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಿಸಿಲು ಏರುತ್ತದೆ. ಸೈಕಲ್ಲಿನ ವೇಗವೇ ಈ ಊರಿಗೆ ಸರಿ. ಬೇಕೆನಿಸಿದಲ್ಲಿ ಒಂದು ಕಾಲು ನೆಲಕ್ಕೆ ಊರಿದರೆ ಆಯಿತು, ನಿಂತಂತೆಯೇ.

ಶಿರವಾಳದಿಂದ ಭೀಮೆಯ ಕಡೆ ಹೊರಟರೆ ಹೊಳೆಯಾಚೆ ಸನ್ನತಿ. ಸೇತುವೆಯೂ ಬ್ಯಾರೇಜೂ ಎರಡೂ ಆಗಿರುವ ಕಟ್ಟೆಯ ಮೇಲೆ ಭೀಮೆಯನ್ನು ದಾಟಿದರೆ ಚಂದ್ರಲಾಂಬೆಯ ಗುಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನ ಕೊರೆದ ಕಲ್ಲು ಬೆಳಕಿಗೆ ಬಂತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು, ಅದರ ಜೊತೆಗೆ ಪಕ್ಕದಲ್ಲೇ ಹೆಸರು ಕೆತ್ತಿದ್ದ ಅಶೋಕನ ಉಬ್ಬುಶಿಲ್ಪವೂ. ಬೆಳಿಗ್ಗೆ ಶಿರವಾಳದ ರಾಷ್ಟ್ರಕೂಟ ಗುಡಿ ನೋಡಿ ಮಧ್ಯಾಹ್ನದೊಳಗೆ ಅಶೋಕನ ಕಾಲ ಮುಟ್ಟುವಂಥ ಸವಾರಿ ಇದು. ಪುರಾತತ್ವ ಇಷ್ಟಪಡುವ ಯಾವ ದೇಶದ ಸವಾರನೂ ಇದಕ್ಕಾಗಿ ವಿಮಾನ ಹತ್ತಿ ಬಂದಾನು. ನಮ್ಮ ಜಿಲ್ಲೆಯ ಹುಡುಗರು ಇನ್ನೂ ಹೊರಟಿಲ್ಲ ಎಂಬುದೇ ನನ್ನ ಬೇಸರ.

ದಾರಿಯ ಮಾತಿಗೆ ಬರುತ್ತೇನೆ. ಶಹಾಪುರ, ಸುರಪುರ ಸೀಮೆಯ ಅತ್ಯುತ್ತಮ ಗರಸು ದಾರಿಗಳನ್ನು ಕಟ್ಟಿದ್ದು ಕೃಷ್ಣಾ ಮೇಲ್ದಂಡೆ ಯೋಜನೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆ, ಅದರ ಶಹಾಪುರ ಶಾಖಾ ಕಾಲುವೆ, ಮುಡಬೂಳ ಶಾಖಾ ಕಾಲುವೆ ಒಂದೊಂದಾಗಿ ಹಬ್ಬಿದವು. ಪ್ರತಿ ಕಾಲುವೆಯ ದಂಡೆಗೂ ಉಸ್ತುವಾರಿಗೆಂದು ಒಂದು ರಸ್ತೆ ಇದೆ. ಜನ ಅದನ್ನು ಕಾಲುವೆ ರೋಡು ಎನ್ನುತ್ತಾರೆ. ನೀರು ಹರಿಯಬೇಕಾದರೆ ಕಾಲುವೆ ಇಳಿಜಾರನ್ನು ಬಲು ಸಣ್ಣದಾಗಿ ಇಟ್ಟುಕೊಂಡು, ಗುಡ್ಡದ ಬುಡವನ್ನು ಬಳಸಿ, ಸುತ್ತಿ ಹೋಗಬೇಕು. ಹಾಗಾಗಿ ಅದರ ದಂಡೆಯ ರಸ್ತೆಗೂ ಕಡಿದಾದ ಏರಿಲ್ಲ, ಇಳಿತವಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ, ಅದರಾಚೆ ಹತ್ತಿ, ಅದರಾಚೆ ನೀರು ತಲುಪದ ಮರಡಿಯ ಮೇಲೆ ತೊಗರಿ. ಲಾರಿಯ ಭಯವಿಲ್ಲ. ಎದುರಿಗೆ ಬಂದರೆ ಎಮ್ಮೆಗಳ ಹಿಂಡು, ಇಲ್ಲವೇ ನೀರು ತಿರುವಲು ಹೊರಟ ಸೌಡಿ. ಅವರಿಗೆ ದಾರಿ ಬಿಟ್ಟು, ‘ಕಾಕಾ, ಮುಂದ ದಾರಿ ಅದನು?’ ಎಂದು ಕೇಳಿದರೆ ಯಾವ ತೂಬಿನ ಹತ್ತಿರ ಕುಸಿದಿದೆ, ಎಲ್ಲಿ ಮುಳ್ಳು ಹಚ್ಚಿದ್ದಾರೆ ಎಂಬುದನ್ನೆಲ್ಲ ನಿಂತು ಹೇಳುತ್ತಾರೆ. ಫೋನಿನ ನಕ್ಷೆಯಲ್ಲಿ ಈ ಮಾಹಿತಿ ಸಿಗುವುದಿಲ್ಲ.

ಮುಳ್ಳಿನ ವಿಷಯ ಬಂತು, ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ನಮ್ಮ ಕಡೆ ಸೈಕಲ್ಲಿನ ವೈರಿಗಳು ಇಬ್ಬರು. ಒಂದು ಬಳ್ಳಾರಿ ಜಾಲಿ. ಬೇಲಿಗೆಂದು ಕಡಿದು ದಾರಿಗೆ ಅಡ್ಡ ಎಳೆದುಕೊಂಡು ಹೋದಾಗ ಅದರ ಮುಳ್ಳು ಉದ್ದಕ್ಕೂ ಉದುರಿರುತ್ತದೆ. ಇನ್ನೊಂದು ನೆಗ್ಗಿಲ ಮುಳ್ಳು. ನೆಲಕ್ಕೆ ಅಂಟಿ ಹಬ್ಬುವ ಹಳದಿ ಹೂವಿನ ಈ ಬಳ್ಳಿಯ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಅಮೆರಿಕದ ಸವಾರರೂ ಅತಿ ಹೆಚ್ಚು ಶಪಿಸುವುದು ಇದೇ ಗಿಡವನ್ನೇ, ಅಲ್ಲಿಗೂ ಅದು ಹಬ್ಬಿದೆ. ಹೊಸ ಗ್ರಾವೆಲ್ ಸೈಕಲ್ಲುಗಳಲ್ಲಿ ಟ್ಯೂಬೇ ಇರುವುದಿಲ್ಲ. ಟಾಯರಿನೊಳಗೆ ಹಾಲಿನಂಥ ದ್ರವ ಹಾಕಿರುತ್ತಾರೆ, ಮುಳ್ಳು ಚುಚ್ಚಿದ ತೂತಿನಿಂದ ಗಾಳಿಯ ಜೊತೆ ಅದೂ ಹೊರಗೆ ಬಂದು ಹೆಪ್ಪುಗಟ್ಟಿ ತೂತು ಮುಚ್ಚಿಬಿಡುತ್ತದೆ. ಟ್ಯೂಬಿನ ಸೈಕಲ್ ಇದ್ದವರಿಗೆ ಹಳೆಯ ಉಪಾಯವೇ ಗತಿ: ಒಂದು ಹೆಚ್ಚಿನ ಟ್ಯೂಬು, ಸೊಲ್ಯೂಷನ್, ಉಸುಕಿನ ಕಾಗದದ ತುಂಡು, ಕೈಪಂಪು. ಮುಳ್ಳಿನ ಮೇಲೆ ಹಾದು ಹೋದೆ ಅನಿಸಿದ ಕೂಡಲೇ ನಿಂತು, ಗಾಲಿ ತಿರುವುತ್ತಾ ಅಂಗೈಯಲ್ಲಿ ಬಟ್ಟೆ ಹಿಡಿದು ಟಾಯರನ್ನು ಸವರಿ ಮುಳ್ಳು ಕೀಳಬೇಕು. ಸುಮ್ಮನೆ ಮುಂದೆ ಹೋದರೆ ಪ್ರತಿ ಸುತ್ತಿಗೂ ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಎರಿ ಮಣ್ಣಿನದು ಇನ್ನೊಂದು ಕಥೆ. ಒಣಗಿದಾಗ ಅದು ಸಿಮೆಂಟಿನಷ್ಟು ಗಟ್ಟಿ, ಸೈಕಲ್ಲಿಗೆ ಬಲು ಸೊಗಸು. ಒಂದು ಹದ ಮಳೆ ಬಿತ್ತೆಂದರೆ ಮುಗಿಯಿತು. ಈ ಮಣ್ಣು ನೀರು ಕುಡಿದು ಉಬ್ಬುವ ಜಾತಿಯದು. ಟಾಯರಿಗೆ ಅಂಟಿ, ಪದರದ ಮೇಲೆ ಪದರ ಕೂತು, ಮಡಗಾರ್ಡಿನ ಒಳಗೆ ತುಂಬಿಕೊಂಡು ಗಾಲಿಯೇ ತಿರುಗದಂತೆ ಮಾಡುತ್ತದೆ. ಆಮೇಲೆ ಸೈಕಲ್ಲು ನಮ್ಮನ್ನು ಹೊರುವುದಿಲ್ಲ, ನಾವೇ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಮಳೆಗಾಲದಲ್ಲಿ ಮಸಾರಿ ಮತ್ತು ಗರಸು ನೆಲದ ದಾರಿ ಹಿಡಿಯಬೇಕು, ಎರಿಯ ದಾರಿಯನ್ನು ದೀಪಾವಳಿ ಕಳೆದ ಮೇಲೆ ನೋಡಿಕೊಳ್ಳಬೇಕು. ಒಕ್ಕಲುತನ ಮಾಡುವವರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಪಟ್ಟಣದಿಂದ ಹೊಸ ಸೈಕಲ್ ತರುವ ತರುಣರಿಗೆ ಹೇಳಬೇಕಾಗುತ್ತದೆ.

ಇನ್ನು ಗುಡ್ಡಗಳ ಕಡೆ. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದರೆ ಮಲಗಿದ ಬುದ್ಧನಂತೆ ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ಸೈಕಲ್ ಸವಾರನಿಗೆ ಗೊತ್ತಾಗುವುದು ಬೇರೆ: ಆ ಬೆಟ್ಟದ ಬುಡದ ಸುತ್ತ ಬಂಡೆ ಕರಗಿ ಆದ ಒರಟು ಗರಸು ಹಾಸಿಕೊಂಡಿದೆ, ಗಾಲಿಯ ಕೆಳಗೆ ಅದು ಹುರಿಗಡಲೆ ಅಗಿದಂತೆ ಸದ್ದು ಮಾಡುತ್ತದೆ. ಈ ಗುಡ್ಡಗಳ ಮೇಲೆ ಮಲೆನಾಡಿನ ಕಾಡಿಲ್ಲ. ಕುರುಚಲು ಕಾಡು ನಮ್ಮದು: ಕಾರೆ, ತುಗ್ಗಲಿ, ಬಾರೆ, ಕವಳಿ, ದಸರೆಯ ಹೊತ್ತಿಗೆ ಸೀತಾಫಲ. ನೆರಳು ಕಮ್ಮಿ, ಹಣ್ಣು ಹೆಚ್ಚು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಸಾಲುಸಾಲಾಗಿ ಇಟ್ಟ ದೊಡ್ಡ ಕಲ್ಲುಗಳಿವೆ. ಲೆಕ್ಕ ಹಾಕಿ ಜೋಡಿಸಿದ ಆ ಸಾಲುಗಳ ನಡುವೆ ನಿಂತರೆ ಮೂಲೆಯಿಂದ ಮೂಲೆಗೂ ಗೆರೆ ಸರಿಯಾಗಿ ಕೂಡುತ್ತದೆ. ಸುರಪುರದಲ್ಲಿ 1841ರಿಂದ 1853ರವರೆಗೆ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಕಲ್ಲುಗಳ ಬಗ್ಗೆ, ರಾಜನಕೋಳೂರಿನ ಕಲ್ಲುಮನೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಅವನು ಓಡಾಡಿದ್ದು ಕುದುರೆಯ ಮೇಲೆ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಸುರಪುರದ ಗುಡ್ಡದ ಮೇಲೆ ಇದೆ. ಅಲ್ಲಿಗೆ ಹತ್ತುವ ಏರು ಸಣ್ಣದೇನಲ್ಲ, ಗೇರಿಲ್ಲದ ಸೈಕಲ್ಲಿನವರು ಇಳಿದು ತಳ್ಳುವುದೇ ಒಳ್ಳೆಯದು. ಇಳಿಯುವಾಗಲಂತೂ ಹಳೆಯ ರಾಡ್ ಬ್ರೇಕನ್ನು ನೆಚ್ಚಿಕೊಳ್ಳಬೇಡಿ. ಸುರಪುರದ ಆಸುಪಾಸಿನಲ್ಲೇ ಬೋನಾಳ ಕೆರೆಯ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ವಲಸೆ ಹಕ್ಕಿ ಬಂದಿಳಿದಾಗ ಮೋಟಾರಿನ ಸದ್ದಿಲ್ಲದೆ ಕೆರೆಯ ಏರಿ ಮುಟ್ಟುವುದು ಸೈಕಲ್ಲಿನವರಿಗೆ ಮಾತ್ರ ಸಾಧ್ಯ.

ಈ ಸೀಮೆಯಲ್ಲಿ ಸೈಕಲ್ ಹತ್ತಲು ವರ್ಷದ ಒಂದು ದಿನ ಆರಿಸು ಎಂದರೆ ನಾನು ಎಳ್ಳ ಅಮವಾಸ್ಯೆಯನ್ನೇ ಆರಿಸುತ್ತೇನೆ. ಆ ದಿನ ಊರು ಖಾಲಿ, ಹೊಲ ತುಂಬಿರುತ್ತದೆ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಬಂಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಮನೆಮಂದಿಯೆಲ್ಲ ಚರಗ ಚೆಲ್ಲಲು ಬಂದಿರುತ್ತಾರೆ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಊಟಕ್ಕೆ ಕೂಗದೆ ಬಿಡುವುದಿಲ್ಲ. ‘ಯಣ್ಣಾ, ಸೈಕಲ್ ಅಲ್ಲೇ ಒರಗಿಸಿ ಬಾ, ಉಂಡು ಹೋಗು’ ಎಂದು ಬದುವಿನಿಂದಲೇ ಕೂಗುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹತ್ತಾರು ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ಒಂದು ಹೊಲದಲ್ಲಿ ಉಂಡು ಎದ್ದರೆ ಮುಂದಿನ ಹೊಲದವರು ಕರೆಯುತ್ತಾರೆ. ಆ ದಿನ ಹತ್ತು ಕಿಲೋಮೀಟರಿಗಿಂತ ಹೆಚ್ಚು ದೂರ ಯಾರೂ ಹೋಗಲಾರರು. ಹೋಗಬೇಕಾಗಿಯೂ ಇಲ್ಲ.

ಇನ್ನು ದ್ರಾಕ್ಷಿಯ ಸೀಮೆಗೆ, ಅಂದರೆ ವಿಜಯಪುರದ ಕಡೆಗೆ, ಗೋಗಿಯಿಂದ ಹೊರಡೋಣ. ಶಹಾಪುರ ತಾಲೂಕಿನ ಗೋಗಿಯಲ್ಲಿ ಯೂಸುಫ್ ಆದಿಲ್ ಶಾಹ ಮೊದಲಾಗಿ ಆದಿಲ್‌ಶಾಹಿಯ ಮೊದಲ ದೊರೆಗಳ ಗೋರಿಗಳಿವೆ. ಆ ಮನೆತನದ ದೊಡ್ಡ ಕಟ್ಟಡ ಗೋಳಗುಮ್ಮಟ ವಿಜಯಪುರದಲ್ಲಿದೆ. ಗೋಗಿಯಿಂದ ಗೋಳಗುಮ್ಮಟದವರೆಗೆ, ಕೆಂಭಾವಿ, ತಾಳಿಕೋಟೆಗಳ ಮೇಲೆ ಹಾಯ್ದು, ಆದಷ್ಟು ಹೊಲದ ದಾರಿಯಲ್ಲೇ ಹೋಗುವ ಸವಾರಿ ಕರ್ನಾಟಕದಲ್ಲೇ ಅಪರೂಪದ್ದು ಎಂಬುದು ನನ್ನ ಅಭಿಪ್ರಾಯ. ಕಾರಣ ಇತಿಹಾಸವೊಂದೇ ಅಲ್ಲ. ಹೊರಟಾಗ ಗಾಲಿಯ ಕೆಳಗೆ ಗ್ರಾನೈಟಿನ ಗರಸು. ಆಮೇಲೆ ಸುಣ್ಣಗಲ್ಲು, ಶಹಾಬಾದ್ ಫರಸಿಯ ಜಾತಿಯದು, ಹಾಳೆಹಾಳೆಯಾಗಿ ಒಡೆದು ಬಿಳಿಚಿದ ದಾರಿ. ಹುಣಸಗಿ ಸೀಮೆಯ ಇಸಾಂಪುರದಲ್ಲಿ ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದೆ ಮನುಷ್ಯರು ಕೈಗೊಡಲಿ ಮಾಡಿಕೊಂಡಿದ್ದು ಇದೇ ಸುಣ್ಣಗಲ್ಲಿನಿಂದ, ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಅಲ್ಲಿ ಅಗೆದು ತೋರಿಸಿದೆ. ವಿಜಯಪುರ ಹತ್ತಿರವಾದಂತೆ ಕರಿಕಲ್ಲು, ಅದರ ಮೇಲೆ ಎರಿ ಭೂಮಿ. ಟಾರು ರಸ್ತೆಯಲ್ಲಿ ಹೋದವರಿಗೆ ನೂರೈವತ್ತು ಕಿಲೋಮೀಟರೂ ಒಂದೇ ಬಣ್ಣ. ಗರಸು ದಾರಿಯವರಿಗೆ ಕಾಲಿನ ಕೆಳಗೆ ನಾಡು ಬದಲಾಗುವುದು ಗೊತ್ತಾಗುತ್ತದೆ.

ವಿಜಯಪುರದಿಂದ ಪಡುವಣಕ್ಕೆ ತಿಕೋಟ, ಬಬಲೇಶ್ವರ, ಬಡಗಣಕ್ಕೆ ತಿಡಗುಂದಿ. ದ್ರಾಕ್ಷಿ ಪಡಗಳು ಅಲ್ಲಿಂದ ಶುರು. ಕಬ್ಬಿಣದ ಕಂಬಕ್ಕೆ ತಂತಿ ಬಿಗಿದು, ಎರಡೂ ಕಡೆ ತೋಳು ಚಾಚಿದಂತೆ ಹಬ್ಬಿಸಿದ ಬಳ್ಳಿ, ಬುಡದಲ್ಲಿ ಹನಿ ನೀರಾವರಿಯ ಕಪ್ಪು ಪೈಪು, ಸಾಲಿನ ನಡುವೆ ಟ್ರ್ಯಾಕ್ಟರ್ ಓಡಾಡುವಷ್ಟು ದಾರಿ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಂದರೆ ಕಡ್ಡಿ ಸವರುವುದು, ಬಳ್ಳಿಗೆ ಹೊಸ ಕಡ್ಡಿ ಬರಲು. ಅಕ್ಟೋಬರಿನಲ್ಲಿ ಇನ್ನೊಂದು ಚಾಟ್ನಿ, ಹಣ್ಣು ಬರಲು. ಫೆಬ್ರವರಿ, ಮಾರ್ಚಿಗೆ ಸುಗ್ಗಿ. ತಿಕೋಟದ ಕಡೆ ಒಂದು ಪಡದ ಮುಂದೆ ನೀರು ಕೇಳಲು ನಿಂತಾಗ ಅಲ್ಲಿನ ಯಜಮಾನರು, ‘ಎಲ್ಲಿಂದ ಬಂದ್ರಿ ಸೈಕಲ್ ಮ್ಯಾಲ?’ ಎಂದರು. ‘ಶಾಪೂರ ಕಡೆಯವ್ರು ಕಾಕಾ’ ಎಂದದ್ದೇ ತಡ, ಒಣಗಿಸುವ ಶೆಡ್ಡಿಗೆ ಕರೆದುಕೊಂಡು ಹೋದರು. ದ್ರಾಕ್ಷಿ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಅಟ್ಟದ ಮೇಲೆ ಅಟ್ಟವಾಗಿ ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲೇ ಹರವುತ್ತಾರೆ. ಆ ದ್ರಾವಣ ಹಣ್ಣಿನ ಮೇಲಿನ ಮೇಣವನ್ನು ಸಡಿಲಿಸುತ್ತದೆ, ಒಳಗಿನ ನೀರು ಬೇಗ ಆರುತ್ತದೆ. ಎರಡು ಮೂರು ವಾರದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ತಯಾರು. ಒಂದು ಮುಷ್ಟಿ ಕೈಗೆ ಹಾಕಿ, ‘ತಿನ್ರಿ, ಸೈಕಲ್ ಹೊಡ್ಯಾವ್ರಿಗೆ ಇದು ಛಲೋ’ ಎಂದರು. ಅವರ ಮಾತು ಸರಿ. ದೂರದ ಸವಾರರು ದುಡ್ಡು ಕೊಟ್ಟು ಕೊಳ್ಳುವ ಸಕ್ಕರೆಯ ಪೊಟ್ಟಣಗಳ ಕೆಲಸವನ್ನು ಮಣೂಕವೂ ಅಷ್ಟೇ ಚೆನ್ನಾಗಿ ಮಾಡುತ್ತದೆ.

ನಮ್ಮ ಉತ್ತರದ ಪಡಗಳಲ್ಲಿ ಹೆಚ್ಚಿನವು ಥಾಮ್ಸನ್ ಸೀಡ್‌ಲೆಸ್, ಸೋನಾಕ, ಮಾಣಿಕ ಚಮನ್, ತಿನ್ನುವ ಮತ್ತು ಒಣಗಿಸುವ ಜಾತಿಗಳು. ವೈನಿನ ದ್ರಾಕ್ಷಿಯೇ ಬೇರೆ: ಕಾಳು ಸಣ್ಣದು, ತೊಗಲು ದಪ್ಪ, ಸಾಮಾನ್ಯವಾಗಿ ಬೀಜವೂ ಇರುತ್ತದೆ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಕೃಷ್ಣಾ ಕಣಿವೆಯಲ್ಲೂ ಅದು ಬಂತು. ಇದೇ ವಿಜಯಪುರ, ಬಾಗಲಕೋಟೆ ಸೀಮೆ ನಮ್ಮ ರಾಜ್ಯದ ಸೈಕಲ್ ಓಟಗಾರರ ತವರೂ ಹೌದು. ಜಾತ್ರೆಗಳಲ್ಲಿ ಕುಸ್ತಿಯ ಹಾಗೆ ಸೈಕಲ್ ಸ್ಪರ್ಧೆ ಇಡುವ ರೂಢಿ ಅಲ್ಲಿದೆ. ಗರಸು ದಾರಿಯೂ ಇದೆ, 40 ಮಿಲಿಮೀಟರ್ ಟಾಯರೂ ಇದೆ, ಓಟಗಾರರೂ ಇದ್ದಾರೆ. ಈ ಮೂರನ್ನೂ ಒಟ್ಟಿಗೆ ಸೇರಿಸುವ ಕೆಲಸ ಮಾತ್ರ ಬಾಕಿ.

ಕರ್ನಾಟಕದಲ್ಲಿ ಕಾಡಿನ ಅಂಚು, ವೈನಿನ ತೋಟ, ಗರಸು ದಾರಿ ಮೂರೂ ಈಗಾಗಲೇ ಕೂಡಿರುವ ಜಾಗ ನಂದಿ ಬೆಟ್ಟದ ಬುಡ. ನಸುಕಿನಲ್ಲಿ ಬೆಂಗಳೂರಿನಿಂದ ಹೊರಟ ಸೈಕಲ್ಲಿನವರು ಸಾಲಾಗಿ 1,478 ಮೀಟರ್ ಎತ್ತರದ ನಂದಿ ಹತ್ತುತ್ತಾರೆ. ಹತ್ತಿ ಇಳಿದು ಟಾರು ರಸ್ತೆಯಲ್ಲೇ ಹಿಂದಿರುಗುವವರೇ ಹೆಚ್ಚು. ಆದರೆ ಬೆಟ್ಟದ ಹಿಂದೆ, ದೊಡ್ಡಬಳ್ಳಾಪುರ, ಘಾಟಿ, ಮಾಕಳಿದುರ್ಗದ ಕಡೆ, ನೀಲಗಿರಿ ತೋಪು ಮತ್ತು ಕಾಡಿನ ಅಂಚಿನಲ್ಲಿ ಕೆಂಪು ಮಣ್ಣಿನ ದಾರಿಗಳು ಹೆಣೆದುಕೊಂಡಿವೆ. 1988ರಲ್ಲಿ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಬಳ್ಳಿ ತಂದು ವೈನಿನ ತೋಟ ಮಾಡಿದ್ದು ಇದೇ ಬುಡದಲ್ಲಿ. ಅದಕ್ಕೂ ಮುಂಚಿನಿಂದ ಕಲ್ಲುಕಂಬದ ಚಪ್ಪರದ ಮೇಲೆ ‘ಬೆಂಗಳೂರು ನೀಲಿ’ ದ್ರಾಕ್ಷಿ ಅಲ್ಲಿ ಬೆಳೆಯುತ್ತಿತ್ತು, 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಬುಡದ ಭೋಗನಂದೀಶ್ವರ ಗುಡಿಯ ಅತಿ ಹಳೆಯ ದಾಖಲೆಗಳಲ್ಲಿ ಒಂದು ರಾಷ್ಟ್ರಕೂಟ ದೊರೆ ಮೂರನೇ ಗೋವಿಂದನ ಕಾಲದ್ದು, ಸುಮಾರು ಕ್ರಿ.ಶ. 806ರದು. ಶಿರವಾಳದ ಕಡೆಯಿಂದ ಹೋದ ನನಗೆ ಆ ಅಂಗಳದಲ್ಲಿ ಪರಸ್ಥಳ ಅನ್ನಿಸಲಿಲ್ಲ.

ಆದರೆ ನಂದಿಯ ಬುಡದಲ್ಲಿ ಒಂದು ಎಚ್ಚರಿಕೆಯೂ ಕಣ್ಣಿಗೆ ಬೀಳುತ್ತದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಭೂಮಿಯ ಬೆಲೆ ಏರಿತು, ಚಪ್ಪರ ಇಳಿದವು, ಲೇಔಟು ಎದ್ದವು. ತೋಟ ಹೋದ ಕಡೆ ತೋಟಕ್ಕೆ ಹೋಗುವ ದಾರಿಯೂ ಹೋಯಿತು. ಗೇಟು ಬಂತು, ಗೋಡೆ ಬಂತು. ಗರಸು ದಾರಿಯನ್ನು ಉಳಿಸುವುದು ಪಿಡಬ್ಲ್ಯುಡಿ ಅಲ್ಲ, ಆ ದಾರಿಯ ಕೊನೆಯಲ್ಲಿರುವ ಬೆಳೆ. ಬಂಡಿ ಹೋಗುವವರೆಗೆ, ಗೊಬ್ಬರ ಸಾಗುವವರೆಗೆ, ಸುಗ್ಗಿಯಲ್ಲಿ ಕೂಲಿಯವರು ನಡೆಯುವವರೆಗೆ ದಾರಿ ಇರುತ್ತದೆ. ಆ ಓಡಾಟ ನಿಂತ ಮರುವರ್ಷ ಜಾಲಿ ಮುಚ್ಚುತ್ತದೆ ಅಥವಾ ಒತ್ತುವರಿ ನುಂಗುತ್ತದೆ.

ಇಟಲಿಯ ಟಸ್ಕನಿಯವರಿಗೆ ಇದು ನಮಗಿಂತ ಮುಂಚೆ ತಿಳಿಯಿತು. ಕಿಯಾಂಟಿ ಎಂಬ ವೈನಿನ ಗುಡ್ಡಗಳಲ್ಲಿ ದ್ರಾಕ್ಷಿ ತೋಟ, ಓಕ್ ಕಾಡುಗಳ ನಡುವೆ ಹರಿಯುವ ಬಿಳಿ ಗರಸಿನ ದಾರಿಗಳಿಗೆ ಒಂದೊಂದಾಗಿ ಡಾಂಬರು ಬೀಳುತ್ತಿತ್ತು. 1997ರಲ್ಲಿ ಜಾನ್‌ಕಾರ್ಲೊ ಬ್ರೊಕ್ಕಿ ಎಂಬಾತ ಗಾಯೋಲೆ ಎಂಬ ಊರಿನಿಂದ ಹಳೆಯ ಕಾಲದ ಸೈಕಲ್ಲುಗಳ ಸವಾರಿ ಹೊರಡಿಸಿದ, ‘ಲೆರೊಯಿಕಾ’ ಎಂದು ಅದರ ಹೆಸರು. ಮೊದಲ ವರ್ಷ ನೂರು ಜನವೂ ಇರಲಿಲ್ಲ. ಸೈಕಲ್ಲಿನವರು ಬರಲು ತೊಡಗಿದ ಮೇಲೆ ಊರಿನವರಿಗೆ ತಮ್ಮ ದಾರಿಯ ಬೆಲೆ ಗೊತ್ತಾಯಿತು, ಅದನ್ನು ಕಾಪಾಡುವ ಮಾತು ಬಂತು. 2007ರಿಂದ ಅದೇ ದಾರಿಗಳಲ್ಲಿ ‘ಸ್ತ್ರಾದೆ ಬಿಯಾಂಕೆ’ ಎಂಬ ವೃತ್ತಿಪರರ ಓಟವೂ ನಡೆಯುತ್ತಿದೆ, ಲೋಕದ ದೊಡ್ಡ ಓಟಗಾರರೆಲ್ಲ ಅಲ್ಲಿ ಧೂಳು ಮೆತ್ತಿಕೊಳ್ಳುತ್ತಾರೆ.

ಹಾಗೆಂದು ನಮ್ಮ ಹಳ್ಳಿಗಳಿಗೆ ಟಾರು ಬೇಡ ಎಂದು ನಾನು ಹೇಳಲಾರೆ. ಹೆರಿಗೆ ನೋವು ಬಂದವಳನ್ನು ಆಂಬುಲೆನ್ಸಿನಲ್ಲಿ ಕಳಿಸಲು, ಮಕ್ಕಳ ಬಸ್ಸು ಬರಲು, ತೊಗರಿ ಹೊತ್ತ ಲಾರಿ ಯಾದಗಿರಿ ಮುಟ್ಟಲು ಒಳ್ಳೆಯ ಡಾಂಬರು ರಸ್ತೆ ಬೇಕೇ ಬೇಕು. ಊರಿಂದ ಊರಿಗೆ ಅದು ಆಗಲಿ. ನಾನು ಕೇಳುವುದು ಉಳಿದ ದಾರಿಗಳ ಬಗ್ಗೆ: ಕಾಲುವೆ ದಂಡೆ, ಹೊಲದ ದಾರಿ, ಗುಡ್ಡದ ಬುಡದ ಬಂಡಿ ಜಾಡು. ಇವನ್ನು ಟಾರು ಬರುವವರೆಗೆ ಹಾಳುಬಿಡುವುದು, ಇಲ್ಲವೇ ಕಾಂಕ್ರೀಟು ಸುರಿಯುವುದು, ಎರಡನ್ನು ಬಿಟ್ಟು ಮೂರನೆಯ ಉಪಾಯವೂ ಇದೆ. ನಡು ಉಬ್ಬಿಸಿ ಗರಸು ಹಾಕಿ, ರೋಲರ್ ಹೊಡೆದು, ಎರಡೂ ಬದಿ ನೀರು ಹೋಗಲು ಚರಂಡಿ ತೆಗೆದರೆ ಆ ದಾರಿ ಮಳೆಗಾಲಗಳನ್ನು ತಾಳುತ್ತದೆ. ಉದ್ಯೋಗ ಖಾತ್ರಿ ಯೋಜನೆಯಲ್ಲೇ ಈ ಕೆಲಸ ಮಾಡಬಹುದು. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ನಮ್ಮ ಪಂಚಾಯಿತಿಗಳು ಹಾಗೆ ಮಾಡಿ ತೋರಿಸಿಯೂ ಇವೆ. ಬದಿಗೆ ಬೇವು, ಹುಣಸೆ ಹಚ್ಚಿದರೆ ಕುರಿಯವನಿಗೂ ನೆರಳು, ಸೈಕಲ್ಲಿನವನಿಗೂ ನೆರಳು.

ಶಿರವಾಳಕ್ಕೆ ಇವತ್ತು ಬೇಕಾದದ್ದು ದೊಡ್ಡ ಅನುದಾನವಲ್ಲ. ಊರಿನ ಅಗಸೆಯ ಹತ್ತಿರ ಗುಡಿಗಳಿಗೂ, ಭೀಮೆಯ ಕಟ್ಟೆಗೂ, ಸನ್ನತಿಗೂ ದಾರಿ ತೋರುವ ಕಲ್ಲು ನೆಡಬೇಕು, ನಮ್ಮಲ್ಲಿ ಫರಸಿ ಕಲ್ಲಿಗೆ ಬರವಿಲ್ಲ. ಶಾಲೆಯ ನಲ್ಲಿ ರವಿವಾರವೂ ತೆರೆದಿರಬೇಕು. ಗುಡಿಯ ಕಥೆ ಹೇಳಬಲ್ಲ ಊರಿನ ನಾಲ್ಕು ತರುಣರಿಗೆ ಪುರಾತತ್ವ ಇಲಾಖೆಯವರು ಒಂದು ವಾರ ಕೂತು ಪಾಠ ಹೇಳಬೇಕು. ಬಂದವರಿಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮಾರುವ ಸ್ವಸಹಾಯ ಸಂಘ ಒಂದಿದ್ದರೆ ಊಟದ ಚಿಂತೆ ಇಲ್ಲ. ಪಂಕ್ಚರ್ ತೆಗೆಯುವ ಅಂಗಡಿಯವನಿಗೆ ಗಿರಾಕಿ ತಾನಾಗಿಯೇ ಬರುತ್ತಾರೆ. ಸಂಕ್ರಮಣ ಕಳೆದ ಮೇಲಿನ ಮೊದಲ ರವಿವಾರ ಶಿರವಾಳದಿಂದ ಸನ್ನತಿಗೆ ಹೋಗಿ ಬರುವ ಸೈಕಲ್ ಸವಾರಿಯೊಂದನ್ನು, ಗೇರಿನ ಸೈಕಲ್ಲಿಗೂ ಸರ್ಕಾರಿ ಸೈಕಲ್ಲಿಗೂ ಒಂದೇ ದಾರಿ ಎಂದು ಇಟ್ಟು, ಊರವರೇ ಶುರು ಮಾಡಬಹುದು. ಅದಕ್ಕೆ ಗ್ರಾಮಸಭೆಯ ಒಂದು ಠರಾವು ಸಾಕು, ಈ ಸುಗ್ಗಿಗೆ ಮುಂಚಿನ ಸಭೆಯಲ್ಲೇ ಅದನ್ನು ಮಂಡಿಸಿ ಎಂದು ಶಿರವಾಳ, ಅಣಬಿ, ಸುತ್ತಿನ ಊರುಗಳ ಸದಸ್ಯರಲ್ಲಿ ನನ್ನ ಕೇಳಿಕೆ.